ಮಿಣುಕುವ ಬ್ಯಾಕ್ಟೀರಿಯಾಕ್ಕೆ ಹೆದರಬೇಕೇ?

ಮಕ್ಕಳೇ, ಮುಂಗಾರಿಗೆ ಮುಂಚೆ ಒಂದೆರಡು ಮಳೆ ಬಿದ್ದ ಮೇಲೆ ಬೇಲೂರು ಸೀಮೆಯ ಕಾಫಿ ತೋಟಗಳ ಬೇಲಿ ಬಳಿ ಸಂಜೆ ನಿಂತು ನೋಡಿದ್ದೀರಾ? ಮಿಂಚುಹುಳುಗಳು ಮಿಣುಕುತ್ತಿರುತ್ತವೆ. ಒಂದನ್ನು ಹಿಡಿದು ಬೆಂಕಿಪೊಟ್ಟಣದಲ್ಲಿ ಇಟ್ಟವರೂ ನಿಮ್ಮಲ್ಲಿ ಇರಬಹುದು. ಪಾಪ, ಹುಳು ಸೊರಗಿದಂತೆ ಅದರ ಬೆಳಕೂ ಸೊರಗುತ್ತದೆ. ಕ್ಷಯರೋಗಕ್ಕೆ ಔಷಧ ಹುಡುಕುವವರಿಗೆ ಬೇಕಾಗಿದ್ದದ್ದು ಇಂಥದ್ದೇ ಒಂದು ಗುರುತು.

ಏಕೆಂದರೆ ಕ್ಷಯದ ಬ್ಯಾಕ್ಟೀರಿಯಾ ಮಹಾ ಸೋಮಾರಿ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಗಾಜಿನ ತಟ್ಟೆಯಲ್ಲಿ ಅದನ್ನು ಬೆಳೆಸಿದರೆ ಕಣ್ಣಿಗೆ ಕಾಣುವ ಚುಕ್ಕೆಯಾಗಲು 3ರಿಂದ 6 ವಾರ. ಹೊಸ ರಾಸಾಯನಿಕವೊಂದು ಅದನ್ನು ಕೊಂದಿತೋ ಇಲ್ಲವೋ ಎಂದು ತಿಳಿಯಲು ಅಷ್ಟು ದಿನ ಕಾಯಬೇಕು. ಪರೀಕ್ಷಿಸಬೇಕಾದ ರಾಸಾಯನಿಕಗಳೋ ಸಾವಿರಾರು!

1993ರಲ್ಲಿ ಅಮೆರಿಕದ ವಿಲಿಯಂ ಜೇಕಬ್ಸ್, ಗ್ರಹಾಂ ಹ್ಯಾಟ್‌ಫುಲ್ ಮತ್ತು ಸಂಗಡಿಗರು ಒಂದು ಉಪಾಯ ತೋರಿಸಿದರು. ಮಿಂಚುಹುಳುವಿನಲ್ಲಿ ಲೂಸಿಫೆರೇಸ್ ಎಂಬ ಕಿಣ್ವವಿದೆ. ಅದನ್ನು ತಯಾರಿಸುವ ಜೀನನ್ನು ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸಿನ ಮೂಲಕ ಕ್ಷಯದ ಬ್ಯಾಕ್ಟೀರಿಯಾದೊಳಗೆ ಕಳಿಸಿದರು. ಲೂಸಿಫೆರಿನ್ ಎಂಬ ವಸ್ತುವನ್ನು ಹಾಕಿದೊಡನೆ ಬ್ಯಾಕ್ಟೀರಿಯಾ ಬೆಳಕು ಬೀರಿತು. ಈ ಬೆಳಕಿಗೆ ಎಟಿಪಿ ಬೇಕು. ಎಟಿಪಿ ಎಂದರೆ ಜೀವಕೋಶದ ಶಕ್ತಿಯ ಚಿಲ್ಲರೆ ಕಾಸು. ಜೀವವಿದ್ದರೆ ಮಾತ್ರ ಅದು ಹುಟ್ಟುತ್ತಿರುತ್ತದೆ. ಔಷಧ ನಾಟಿದರೆ ಬೆಳಕು ಮಂಕು, ನಾಟದಿದ್ದರೆ ಮೊದಲಿನಂತೆಯೇ. ವಾರಗಟ್ಟಲೆ ಕಾಯುವ ಕೆಲಸ ಕೆಲವೇ ದಿನಕ್ಕೆ ಇಳಿಯಿತು. ತನ್ನ ಸ್ಥಿತಿಯನ್ನು ತಾನೇ ಹೇಳುವ ಇಂಥವನ್ನು ವರದಿಗಾರ ಬ್ಯಾಕ್ಟೀರಿಯಾ ಎನ್ನುತ್ತಾರೆ.

ಇನ್ನು ನಮ್ಮ ನಾಡಿನದೇ ಕತೆ. ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳು ಮಾತ್ರೆ ನುಂಗಬೇಕು. ಕೆಮ್ಮು ಒಂದೆರಡು ತಿಂಗಳಲ್ಲೇ ಕಡಿಮೆಯಾಗುತ್ತದೆ. ಮತ್ತೇಕೆ ಮಾತ್ರೆ ಎಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಆದರೆ ಔಷಧಕ್ಕೂ ಜಗ್ಗದ ಕೆಲವು ಬ್ಯಾಕ್ಟೀರಿಯಾಗಳು ಒಳಗೇ ಉಳಿದಿರುತ್ತವೆ. ಅವು ಯಾವುವು? ನಿದ್ದೆ ಹೋದವು ಎಂದು ಬಹುಕಾಲ ನಂಬಲಾಗಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮಿತ್ ಸಿಂಗ್ ಅವರ ತಂಡ ಇದನ್ನು ಬ್ಯಾಕ್ಟೀರಿಯಾವನ್ನೇ ಕೇಳಿತು. ಅವರ ವರದಿಗಾರ ಬೇರೆ ಜಾತಿಯದು. ಸಮುದ್ರದ ಲೋಳೆಮೀನಿನಿಂದ ಬಂದ ಹಸಿರು ಹೊಳೆಯುವ ಪ್ರೋಟೀನನ್ನು ಮಾರ್ಪಡಿಸಿ, ಅದಕ್ಕೆ ಕ್ಷಯ ಬ್ಯಾಕ್ಟೀರಿಯಾದ್ದೇ ಒಂದು ಪ್ರೋಟೀನನ್ನು ಜೋಡಿಸಿದ್ದರು. ಕಬ್ಬಿಣ ತುಕ್ಕು ಹಿಡಿಯುವುದು ಉತ್ಕರ್ಷಣ, ಅದರ ವಿರುದ್ಧ ಕ್ರಿಯೆ ಅಪಕರ್ಷಣ ಎಂದು ಕೇಳಿರುತ್ತೀರಿ. ಬ್ಯಾಕ್ಟೀರಿಯಾದೊಳಗೆ ಇವೆರಡರಲ್ಲಿ ಯಾವುದರ ಕೈ ಮೇಲಾಗಿದೆ ಎಂಬುದನ್ನು ಆ ಹೊಳಪು ತೋರಿಸುತ್ತದೆ.

ಕಂಡದ್ದೇನು ಗೊತ್ತೇ? ನಮ್ಮ ದೇಹದಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ಅವು ಬ್ಯಾಕ್ಟೀರಿಯಾವನ್ನು ನುಂಗಿ, ಇಟ್ಟುಕೊಂಡ ಜಾಗವನ್ನು ಸ್ವಲ್ಪ ಆಮ್ಲೀಯವಾಗಿಸುತ್ತವೆ. ಆ ಹುಳಿಯೇ ಕೆಲವು ಬ್ಯಾಕ್ಟೀರಿಯಾಗಳನ್ನು ಅಪಕರ್ಷಿತ ಸ್ಥಿತಿಗೆ ತಳ್ಳಿ ಔಷಧ ತಡೆದುಕೊಳ್ಳುವಂತೆ ಮಾಡುತ್ತಿತ್ತು. ಅವು ನಿದ್ದೆಯಲ್ಲೂ ಇರಲಿಲ್ಲ, ಎಚ್ಚರವಾಗಿದ್ದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿದ್ದವು! ಆ ಹುಳಿಯನ್ನು ತಗ್ಗಿಸುವ ಔಷಧ ಆಗಲೇ ಇತ್ತು: ಮಲೇರಿಯಾಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್. ಇಲಿ ಮತ್ತು ಗಿನಿಹಂದಿಗಳಲ್ಲಿ ಅದನ್ನು ಕ್ಷಯದ ಔಷಧದ ಜೊತೆಗೆ ಕೊಟ್ಟಾಗ ಬ್ಯಾಕ್ಟೀರಿಯಾ ಇನ್ನಷ್ಟು ಸತ್ತವು. ಇದು 2019ರಲ್ಲಿ ಪ್ರಕಟವಾಯಿತು.

ಹಾಗೆಂದು ಅಂಗಡಿಗೆ ಓಡಿ ಕ್ಲೋರೋಕ್ವಿನ್ ತಂದು ಯಾರೂ ನುಂಗಬಾರದು. ಇಲಿಯಲ್ಲಿ ಫಲಿಸಿದ್ದೆಲ್ಲ ಮನುಷ್ಯರಲ್ಲಿ ಫಲಿಸುವುದಿಲ್ಲ. 2020ರಲ್ಲಿ ಕೊರೋನಾಕ್ಕೆಂದು ಇದರ ಸೋದರ ಔಷಧಕ್ಕೆ ಜನ ಮುಗಿಬಿದ್ದರು. ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಕುಲಾಂತರಿ ಎಂಬ ಮಾತು ಕೇಳಿದರೆ ಹಲವರಿಗೆ ಸಿಟ್ಟು ಬರುತ್ತದೆ. ರೋಗದ ಬ್ಯಾಕ್ಟೀರಿಯಾಕ್ಕೆ ಹುಳುವಿನ ಜೀನ್ ಸೇರಿಸುವುದು ಬೆಂಕಿಯ ಜೊತೆ ಆಟವಲ್ಲವೇ ಎಂದು ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಇದು ಹೊಲಕ್ಕೆ ಬಿತ್ತುವ ಬೀಜವಲ್ಲ. ಗಾಳಿ ಹೊರಗೆ ನುಗ್ಗದಂತೆ ಕಟ್ಟಿದ ಪ್ರಯೋಗಾಲಯದೊಳಗೇ ಹುಟ್ಟಿ ಅಲ್ಲೇ ಸಾಯುತ್ತದೆ. ಹೊಳಪು ರೋಗದ ಕಸುವನ್ನೂ ಹೆಚ್ಚಿಸುವುದಿಲ್ಲ.

ನನ್ನದೊಂದು ತಕರಾರು ಮಾತ್ರ ಇದೆ. ಜೀನ್ ಸೇರಿದ ಬ್ಯಾಕ್ಟೀರಿಯಾವನ್ನು ಉಳಿದವುಗಳಿಂದ ಬೇರೆ ಮಾಡಲು ಅದರೊಡನೆ ಯಾವುದೋ ಒಂದು ಔಷಧವನ್ನು ತಡೆಯುವ ಜೀನನ್ನೂ ಸೇರಿಸುತ್ತಾರೆ. ಅದು ರೋಗಿಗಳಿಗೆ ಕೊಡುವ ಔಷಧದ್ದಾಗಿರಬಾರದು. ಹೈಗ್ರೋಮೈಸಿನ್‌ನಂತೆ ಕ್ಷಯರೋಗಿಗಳಿಗೆ ಕೊಡದ ಔಷಧಗಳಿರುವಾಗ ಬೇರೆಯದನ್ನು ಏಕೆ ಬಳಸಬೇಕು?

ಈ ಎಚ್ಚರಿಕೆಯೊಂದಿದ್ದರೆ ನಾನು ಮಿಣುಕುವ ಬ್ಯಾಕ್ಟೀರಿಯಾದ ಪರ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ನಿಮ್ಮ ಬೀದಿಯಲ್ಲೂ ಸರ್ಕಾರಿ ಆಸ್ಪತ್ರೆಯಿಂದ ಉಚಿತವಾಗಿ ತಂದ ಮಾತ್ರೆಯನ್ನು ನುಂಗುತ್ತಿರುವವರು ಇರಬಹುದು. ಕೆಮ್ಮು ನಿಂತರೂ ಬಿಡಬೇಡಿ ಎಂದು ಡಾಕ್ಟರು ಏಕೆ ಹೇಳಿದರೆಂದು ಅವರು ಕೇಳಿದರೆ, ಕಾವಲು ಕೋಶದ ಹುಳಿಯಲ್ಲಿ ಎಚ್ಚರವಾಗಿ ಕೂತಿರುವ ಆ ಬ್ಯಾಕ್ಟೀರಿಯಾದ ಸಂಗತಿಯನ್ನು ನೀವೇ ಅವರಿಗೆ ಹೇಳಬಹುದು.