ಏರಿ ಒಡೆದರೆ ದೇವರನ್ನೇಕೆ ದೂರುವಿರಿ?



ಏರಿ ಒಡೆದು ತಗ್ಗಿನ ಮನೆಗಳು ಕೊಚ್ಚಿಹೋದಾಗಲೆಲ್ಲ ನಮ್ಮ ಬಾಯಲ್ಲಿ ಸಿದ್ಧವಾಗಿರುವ ಮಾತೊಂದುಂಟು: ಎಲ್ಲವೂ ದೈವೇಚ್ಛೆ. ಈ ಮಾತು ಭಕ್ತಿಯಿಂದ ಹುಟ್ಟಿದ್ದೆಂದು ನಾನು ಒಪ್ಪಲಾರೆ. ಬಹುಪಾಲು ಅದು ಹೊಣೆಯಿಂದ ಜಾರಿಕೊಳ್ಳುವ ಉಪಾಯ. ಮಳೆ ದೇವರದು, ನಿಜ. ಆದರೆ ಏರಿ ಮನುಷ್ಯನದು. ಕೋಡಿಗೆ ಜಾಗ ಬಿಡದೆ ಏರಿ ಎತ್ತರಿಸಿದವನ ಲೋಭವನ್ನು ದೇವರ ಲೆಕ್ಕಕ್ಕೆ ಬರೆಯುವುದು ದೈವನಿಂದೆಯೇ ಸರಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನಾಡೇ ಉಸಿರು ಬಿಗಿಹಿಡಿದು ನೋಡಿತು. ತಜ್ಞರು ಬಂದರು, ಮಂತ್ರಿಗಳು ಬಂದರು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್ ಲಾಗ್ ಇಳಿಸಿ ವಾರದಲ್ಲೇ ನೀರನ್ನು ತಡೆದರು. ದೊಡ್ಡ ಅಣೆಕಟ್ಟಿಗೆ ಮಂಡಳಿಯಿದೆ, ಇಂಜಿನಿಯರರಿದ್ದಾರೆ, ಪತ್ರಿಕೆಗಳ ಕಣ್ಣಿದೆ. ಆದರೆ ಒಬ್ಬ ಜಮೀನುದಾರ ತನ್ನ ಹೊಲದ ಹಳ್ಳಕ್ಕೆ ಅಡ್ಡಲಾಗಿ ಜೆಸಿಬಿಯಿಂದ ಮೂರು ದಿನದಲ್ಲಿ ಎಬ್ಬಿಸಿದ ಮಣ್ಣಿನ ಕಟ್ಟೆಯನ್ನು ಕಾಯುವವರು ಯಾರು?

ರೂಪನಗುಡಿ ಹೋಬಳಿಯ ರೈತನಿಗೆ ಮಣ್ಣಿನ ಪಾಠವನ್ನು ನಾನು ಹೇಳಬೇಕಿಲ್ಲ. ನಮ್ಮ ಎರೆಮಣ್ಣು ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ಉಬ್ಬಿ ಜಾರುತ್ತದೆ. ಇಂಥ ಮಣ್ಣನ್ನು ಪದರ ಪದರವಾಗಿ ನೀರುಣಿಸಿ, ದಮ್ಮಸು ಮಾಡಿ ಕಟ್ಟದೆ ಬರಿದೇ ರಾಶಿ ಹಾಕಿದರೆ ಅದು ಏರಿಯಲ್ಲ, ದಿಬ್ಬ. ಅದರ ಮೇಲೆ ಬಳ್ಳಾರಿ ಜಾಲಿ ಬೆಳೆಯುತ್ತದೆ. ಜಾಲಿ ಒಣಗಿದರೆ ಬೇರು ಕೊಳೆತ ಜಾಗ ನೀರಿಗೆ ದಾರಿಯಾಗುತ್ತದೆ. ಹೆಗ್ಗಣ ತೋಡಿದ ಬಿಲವೂ ಅಂತೆಯೇ. ಏರಿಯ ಹಿಂಬದಿಯಲ್ಲಿ ಮೊದಲು ತಿಳಿನೀರು ಜಿನುಗುತ್ತದೆ; ಬಳಿಕ ಅದೇ ನೀರು ಕೆಸರಾಗಿ ಬರತೊಡಗಿದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಮೇಲೆ ಉಳಿಯುವುದು ಕೆಲವೇ ಗಂಟೆಗಳು. ಕೋಡಿ ಕಿರಿದಾಗಿದ್ದು ನೀರು ಏರಿಯ ನೆತ್ತಿಯ ಮೇಲೆಯೇ ಹರಿದರೂ ಗತಿ ಅದೇ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ವಿಜಯನಗರ ಕಾಲದ ಶಾಸನವೊಂದಿದೆ. ಅದು ಕೆರೆಗೆ ಬರುವ ಆರು ದೋಷಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ಏರಿಯ ಜಿನುಗುವಿಕೆಯನ್ನೇ. ಆರೂವರೆ ಶತಮಾನಗಳ ಹಿಂದೆ ಕಲ್ಲಿನಲ್ಲಿ ಕೆತ್ತಿದ್ದನ್ನು ನಾವಿನ್ನೂ ಓದಬೇಕಾಗಿದೆ!

ಕಾನೂನಿನ ಕಥೆ ಇನ್ನೂ ವಿಚಿತ್ರ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವುಗಳಿಗೆ ಕೆಲವು ಷರತ್ತುಗಳ ಮೇಲೆ ಮಾತ್ರ. ಅದಕ್ಕಿಂತ ಗಿಡ್ಡನೆಯದು ಅದರ ದೃಷ್ಟಿಗೆ ಬೀಳುವುದಿಲ್ಲ. ಗಿಡ್ಡ ಏರಿಯ ಕೆಳಗೆ ಮಲಗುವ ಕೂಲಿಯವನ ಪ್ರಾಣವೂ ಗಿಡ್ಡವೇ?

‘ಚಿಕ್ಕ ಕಟ್ಟೆ, ಅದರಿಂದೇನು ಅನಾಹುತ’ ಎನ್ನುವವರು ಕೀನ್ಯಾ ದೇಶದ ಸೊಲಾಯಿಯನ್ನು ನೆನೆಯಲಿ. 2018ರ ಮೇ 9ರ ರಾತ್ರಿ ಅಲ್ಲಿನ ಖಾಸಗಿ ತೋಟವೊಂದರ ಮಣ್ಣಿನ ಅಣೆಕಟ್ಟು ಭಾರಿ ಮಳೆಗೆ ಒಡೆದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ನೀರು ತೋಟದವರದು, ಸಾವು ತಗ್ಗಿನಲ್ಲಿದ್ದ ಬಡವರದು. ಅಮೆರಿಕದ ಜಾನ್ಸ್‌ಟೌನಿನಲ್ಲಿ 1889ರ ಮೇ 31ರಂದು ಶ್ರೀಮಂತರ ಕ್ಲಬ್ಬೊಂದರ ಒಡೆತನದ ಮಣ್ಣಿನ ಅಣೆಕಟ್ಟು ಒಡೆದು 2,209 ಮಂದಿ ಮಡಿದರು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದ್ದರು! ಆದರೂ ನ್ಯಾಯಾಲಯದಲ್ಲಿ ಒಬ್ಬ ಸಂತ್ರಸ್ತನೂ ಆ ಕ್ಲಬ್ಬಿನಿಂದ ಪರಿಹಾರ ಗೆಲ್ಲಲಿಲ್ಲ. ಅಲ್ಲಿಯೂ ಕೇಳಿಬಂದದ್ದು ದೈವೇಚ್ಛೆಯ ಮಾತೇ.

ಓದಿಕೊಂಡವರು ನನಗೆ 1874ರ ಕಾರ್ವೇಟಿನಗರದ ತೀರ್ಪನ್ನು ತೋರಿಸಬಹುದು. ಬಳ್ಳಾರಿಯೂ ಸೇರಿದ್ದ ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಜಮೀನ್ದಾರನೊಬ್ಬನ ಕೆರೆಗಳು ಒಡೆದು ರೈಲ್ವೆ ಕಂಪನಿಗೆ ನಷ್ಟವಾದಾಗ, ಪ್ರಿವಿ ಕೌನ್ಸಿಲ್ ಜಮೀನ್ದಾರನನ್ನು ಹೊಣೆಯಿಂದ ಬಿಟ್ಟಿತು. ಆದರೆ ಬಿಟ್ಟದ್ದೇಕೆ? ಅವು ಪುರಾತನ ಕೆರೆಗಳು, ಜನರ ಬದುಕಿಗಾಗಿ ಅವನ್ನು ಕಾಪಾಡುವುದು ಆತನ ಕರ್ತವ್ಯವಾಗಿತ್ತು, ಅಜಾಗರೂಕತೆಯೂ ಸಾಬೀತಾಗಲಿಲ್ಲ. ತನ್ನೊಬ್ಬನ ಬೆಳೆಗಾಗಿ ನಿನ್ನೆ ಮೊನ್ನೆ ಕಟ್ಟೆ ಕಟ್ಟಿದವನು ಆ ನೆರಳಿನಲ್ಲಿ ನಿಲ್ಲಲಾರ. ಅದಕ್ಕೂ ಮುನ್ನ, 1868ರಲ್ಲೇ, ಇಂಗ್ಲೆಂಡಿನ ನ್ಯಾಯಾಧೀಶರು ತನ್ನ ನೆಲದಲ್ಲಿ ಜಲಾಶಯ ಕಟ್ಟಿಸಿ ನೆರೆಯವನ ಗಣಿಯನ್ನು ಮುಳುಗಿಸಿದ ಗಿರಣಿ ಮಾಲೀಕನನ್ನು ಹೊಣೆಗಾರನನ್ನಾಗಿ ಮಾಡಿದ್ದರು.

ಪವಿತ್ರ ಬೈಬಲ್ ಇದಕ್ಕಿಂತಲೂ ನೇರವಾಗಿದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯ ಮೇಲೆಯೇ ಎನ್ನುತ್ತದೆ ಧರ್ಮೋಪದೇಶಕಾಂಡ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತಿಗೆ ಬೆಲೆ ತೆರಬೇಕೆನ್ನುತ್ತದೆ ವಿಮೋಚನಾಕಾಂಡ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ, ಅವರು ಇತರರಿಗಿಂತ ಪಾಪಿಷ್ಠರಾಗಿದ್ದರೆಂಬ ಎಣಿಕೆಯನ್ನು ಯೇಸುಸ್ವಾಮಿ ತಳ್ಳಿಹಾಕಿ, ಬದುಕಿದ್ದವರನ್ನೇ ಪಶ್ಚಾತ್ತಾಪಕ್ಕೆ ಕರೆದರು. ಕಟ್ಟೆಯ ಒಡೆಯನಿಗೆ ಪಶ್ಚಾತ್ತಾಪವೆಂದರೆ ಪಾಪನಿವೇದನೆಯ ಪೀಠದಲ್ಲಿ ಮಂಡಿಯೂರುವುದಷ್ಟೇ ಅಲ್ಲ, ಕೋಡಿ ಅಗಲಿಸುವುದು ಕೂಡ.

‘ನನ್ನ ಹೊಲ, ನನ್ನ ನೀರು’ ಎನ್ನುವವರಿಗೆ ಒಂದು ಮಾತು. ಖಾಸಗಿ ಆಸ್ತಿಯ ಮೇಲೆ ಸಮಾಜದ ಋಣವಿದೆ ಎಂಬುದನ್ನು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಮತ್ತೆ ನೆನಪಿಸಿದರು. ನೀರು ನಿಲ್ಲಿಸುವ ರೈತನನ್ನು ನಾನು ಹಳಿಯುತ್ತಿಲ್ಲ. ಬರದ ಸೀಮೆಯಲ್ಲಿ ನೀರು ಹಿಡಿದಿಡುವುದು ಪುಣ್ಯದ ಕೆಲಸ. ಅದನ್ನು ಹಿಡಿದಿಡಲು ಬರುವಂತೆ ಕಟ್ಟಲಿ ಎಂದಷ್ಟೇ ನನ್ನ ವಾದ. ಕೆರೆ ತುಂಬಿದಾಗ ಬಾಗಿನ ಅರ್ಪಿಸಲು ಬರುವ ನಾಯಕರು ಛಾಯಾಚಿತ್ರ ಮುಗಿದ ಮೇಲೆ ಒಮ್ಮೆ ಏರಿಯ ಹಿಂಬದಿಗೂ ಇಳಿದು ನೋಡಿದರೆ ಒಳಿತು.

ಆಗಬೇಕಾದದ್ದು ಬಹಳವೇನಲ್ಲ. ಮುಂಗಾರಿಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಎಲ್ಲೆಯೊಳಗಿನ ಖಾಸಗಿ ಕಟ್ಟೆಗಳನ್ನು ಪಟ್ಟಿ ಮಾಡಲಿ. ಜಾಲಿ ಕಡಿಸಿ, ಬಿಲ ಮುಚ್ಚಿಸಿ, ಕೋಡಿಯ ಅಳತೆಯನ್ನು ಇಂಜಿನಿಯರರಿಂದ ಪರೀಕ್ಷೆ ಮಾಡಿಸಲಿ. ಕೆಳಗಿನ ಮನೆಗಳಿಗೆ ರಾತ್ರಿ ಸುದ್ದಿ ಮುಟ್ಟಿಸುವವರು ಯಾರೆಂಬುದು ಗ್ರಾಮಸಭೆಯಲ್ಲೇ ನಿರ್ಧಾರವಾಗಲಿ. ಧರ್ಮಕೇಂದ್ರಗಳ, ಕಾನ್ವೆಂಟುಗಳ ಜಮೀನಿನಲ್ಲಿ ಇಂಥ ಕಟ್ಟೆಗಳಿದ್ದರೆ ಅವು ಆ ಪಟ್ಟಿಯ ಮೊದಲ ಸಾಲಿನಲ್ಲೇ ಇರಲಿ. ತಪಾಸಣೆಯ ವೆಚ್ಚವನ್ನು ನಾವೇ ಭರಿಸೋಣ.