ನಾನ್ಯಾರು ಹೇಳು ನೋಡೋಣ?

ಡಿಮೆನ್ಶಿಯಾ ಇರೋ ಹಿರಿಯರನ್ನ ನೋಡೋಕೆ ಹೋದವರು ಕೇಳೋ ಮೊದಲ ಪ್ರಶ್ನೆ ಇದು. ಆರು ತಿಂಗಳಿಗೊಮ್ಮೆ ಬರೋ ಮಗ ಕೇಳ್ತಾನೆ, ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳು ಕೇಳ್ತಾಳೆ, ಹಣ್ಣು ಹಿಡ್ಕೊಂಡು ಬಂದ ನೆಂಟರೂ ಕೇಳ್ತಾರೆ. ನಮ್ಮಜ್ಜಿಗೆ ನಾನೂ ಕೇಳಿದ್ದೆ. ಹಾಗಾಗಿ ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ಸ್ವಾಮಿ, ಇದು ಪ್ರೀತಿಯಲ್ಲ, ಪರೀಕ್ಷೆ. ಕಾಲು ಮುರಿದವರಿಗೆ 'ಎಲ್ಲಿ, ಓಡಿ ತೋರ್ಸಿ' ಅನ್ನೋ ಥರದ್ದು. ನೆನಪಿನ ಪರೀಕ್ಷೆ ಆಗಲೇಬೇಕು ನಿಜ, ಆದರೆ ಡಾಕ್ಟರ ಹತ್ತಿರ. ಮರೆವಿಗೆ ಬಿ12 ಕೊರತೆಯೋ ಥೈರಾಯ್ಡೋ ಕಾರಣವಾಗಿದ್ರೆ ಔಷಧಿಯಿಂದ ಸುಧಾರಿಸಲೂಬಹುದು. ನಡುಮನೆಯಲ್ಲಿ ಎಲ್ಲರೆದುರು ಮಾಡೋ ಪರೀಕ್ಷೆಯಿಂದ ಯಾರಿಗೂ ಏನೂ ಸುಧಾರಿಸಲ್ಲ.

'ಹಳೇದೆಲ್ಲ ಚೆನ್ನಾಗಿ ನೆನಪಿದೆ, ಇದೆಲ್ಲ ನಾಟಕ' ಅನ್ನೋರೂ ಇದ್ದಾರೆ. ಡಿಮೆನ್ಶಿಯಾಗೆ ಅತಿ ಸಾಮಾನ್ಯ ಕಾರಣ ಅಲ್ಜೈಮರ್ಸ್. ಅದು ಸಾಮಾನ್ಯವಾಗಿ ಮೊದಮೊದಲು ಕೆಡಿಸೋದೇ ಮಿದುಳಿನಲ್ಲಿ ಹೊಸ ನೆನಪು ಕಟ್ಟೋ ಹಿಪ್ಪೋಕ್ಯಾಂಪಸ್ ಭಾಗವನ್ನ. ಅದಕ್ಕೇ ಐವತ್ತು ವರ್ಷದ ಹಿಂದಿನ ಮದುವೆ ಊಟ ವರ್ಣಿಸೋ ಅಜ್ಜಿಗೆ ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿರಲ್ಲ.

ಎಲ್ಲ ಮರೆತುಹೋಗತ್ತೆ ಅಂದ್ಮೇಲೆ ಬೇಜಾರೂ ಮರೆತುಹೋಗತ್ತಲ್ಲ ಅಂತೀರಾ? ಇಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಜೈಮರ್ಸ್ ಇರೋರಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನ ತೋರಿಸಿದ್ರು. ನೋಡಿದ್ದು ಬೇಗನೆ ಬಹುಪಾಲು ಅಳಿಸಿಹೋಯ್ತು, ಅದು ಎಬ್ಬಿಸಿದ ಭಾವನೆ ಉಳೀತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಂದ್ರೆ ನೀವು ಬಂದುಹೋಗಿದ್ದು ಅಜ್ಜಿಗೆ ಮರೆತರೂ, ಏನೋ ತಪ್ಪು ಮಾಡಿದೆ ಅನ್ನೋ ಸಂಕಟ ಉಳೀಬಹುದು. ಸಂಜೆ ಅವರು 'ನಮ್ಮನೆಗೆ ಹೋಗ್ಬೇಕು' ಅಂತ ಬಾಗಿಲು ಬಡಿಯುವಾಗ ಸಮಾಧಾನ ಮಾಡೋದು ನೀವಲ್ಲ, ಮನೇಲಿರೋ ಅತ್ತಿಗೆ.

ಇನ್ನು ತಿದ್ದೋ ಚಟ. 'ತಾತ ಇನ್ನೂ ಬಂದಿಲ್ವಾ?' ಅಂದ್ರೆ 'ಸತ್ತು ಹತ್ತು ವರ್ಷ ಆಯ್ತಲ್ಲ' ಅಂತೀವಿ. ಅವರಿಗದು ಪ್ರತಿ ಸಲವೂ ಆಗಷ್ಟೇ ಬಂದ ಸಾವಿನ ಸುದ್ದಿ. ಹಾಗಾದ್ರೆ ಸುಳ್ಳು ಹೇಳ್ಬೇಕಾ? ಬೇಡ. 'ತಾತನ ನೆನಪಾಯ್ತಾ? ತಾತಂಗೆ ಕಾಫಿ ಹೇಗಿರ್ಬೇಕಿತ್ತು?' ಅಂತ ಮಾತು ಮುಂದುವರಿಸಿ.

ಮುಂದಿನ ಸಲ ಹೋದಾಗ ನೀವೇ ಹೇಳಿ: 'ಅಜ್ಜಿ, ನಾನು ನಿನ್ನ ಮಗಳ ಮಗ, ಈಗ ತಾನೇ ಬಂದೆ.' ಎರಡು ಸೆಕೆಂಡಿನ ಕೆಲಸ. ಅಷ್ಟೂ ಆಗಲ್ಲ ಅಂದ್ರೆ ಹಣ್ಣನ್ನ ಆ್ಯಪ್‌ನಲ್ಲೇ ಕಳಿಸಿಬಿಡಿ.