ಯಾವ ಪರವಾನಗಿ, ಸ್ವಾಮಿ?

ಮದುವೆಗೆ ಮುಂಚೆ ಹುಡುಗನ ಹಿಂದೆ ಖಾಸಗಿ ಪತ್ತೇದಾರನನ್ನು ಬಿಡುವುದೇ ಜಾಣತನ ಎಂಬ ಲೇಖನ ಓದಿದೆ. ವಿಚಾರಿಸುವುದು ನಮಗೇನು ಹೊಸದಲ್ಲ. ಸೋದರಮಾವಂದಿರು ಹುಡುಗನ ಊರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಲೇ ಅರ್ಧ ಜಾತಕ ಬಿಡಿಸಿಕೊಂಡು ಬರುತ್ತಿದ್ದರು. ಆದರೆ 'ಪರವಾನಗಿ ಪಡೆದ ವೃತ್ತಿಪರರು' ಎಂದಿದ್ದಾರಲ್ಲ ಲೇಖಕರು, ಯಾವ ಪರವಾನಗಿ? ಈ ಕಸುಬಿಗೆ ಲೈಸೆನ್ಸ್ ಕಡ್ಡಾಯಗೊಳಿಸಲು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ. ಗೋಡೆಗೆ ತೂಗುಹಾಕಿರುವುದು ಬರೀ ಅಂಗಡಿಯ ನೋಂದಣಿ ಪತ್ರ.

'ಫೋನ್ ಕರೆಗಳ ಪಟ್ಟಿ ತರಿಸಿಕೊಡುತ್ತೇವೆ' ಎನ್ನುವವರ ಬಗ್ಗೆ ಲೇಖನ ಚಕಾರವೆತ್ತಿಲ್ಲ. ಅದು ಅಪರಾಧ, 2018ರಲ್ಲಿ ಮಹಾರಾಷ್ಟ್ರದ ಥಾಣೆ ಪೊಲೀಸರು ಇದೇ ಕಾರಣಕ್ಕೆ ಪತ್ತೇದಾರರನ್ನು ಬಂಧಿಸಿದ್ದರು. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪಿಗೆ ಕಾರಣರಾದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆ ಹಕ್ಕು ಭಾವೀ ಅಳಿಯನಿಗೂ ಇದೆ.